ಪರಸ್ಥಳದ ಸಾರಥಿ

ನಳೋಪಾಖ್ಯಾನವನ್ನು ಓದುವವರು ಹಂಸದ ದೌತ್ಯದಲ್ಲಿಯೂ ದ್ಯೂತದ ದುರಂತದಲ್ಲಿಯೂ ಮನವಿಡುವರು. ನಿಷಧದ ಅರಸನು ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಗೆ ಹೋಗಿ ಸಾರಥ್ಯವನ್ನು ಬೇಡಿದ ಸಂಗತಿಯನ್ನು ಬೇಗನೆ ದಾಟಿಬಿಡುವರು. ಬಲ್ಲ ವಿದ್ಯೆಯನ್ನೇ ಪರಸ್ಥಳದಲ್ಲಿ ಮೊದಲಿನಿಂದ ತೋರಿಸಿಕೊಡಬೇಕಾದವನ ಕಷ್ಟವು ಅಲ್ಲಿಯೇ ಇರುವುದು. ಅದು ಪುರಾಣಕಾಲದೊಡನೆ ಮುಗಿದುಹೋದುದಲ್ಲ.

ಬನಶಂಕರಿಯ ಕ್ಷೇತ್ರವಾದ ಚೊಳಚಗುಡ್ಡದಲ್ಲಿ ಒಬ್ಬ ಲಾರಿ ಚಾಲಕನಿದ್ದನು. ಬಳ್ಳಾರಿ ಸೀಮೆಯ ಅದಿರು ಕಡಲನ್ನು ಸೇರುತ್ತಿದ್ದ ಕಾಲದಲ್ಲಿ ಆತನು ಸಂಡೂರಿನಿಂದ ಅಂಕೋಲೆಯ ಬಳಿಯ ಬೇಲೆಕೇರಿ ಬಂದರದವರೆಗೆ ಹಗಲಿರುಳು ಗಾಡಿ ನಡೆಸಿದನು. 2010ರಲ್ಲಿ ರಾಜ್ಯ ಸರಕಾರವು ಅದಿರಿನ ರಫ್ತನ್ನು ನಿಷೇಧಿಸಿತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ತಡೆಯಿತು. ಅನ್ಯಾಯವು ನಿಂತುದು ಯುಕ್ತವೇ. ಆದರೆ ಅದರಲ್ಲಿ ಪಾಲಿಲ್ಲದ ಎಷ್ಟೋ ಚಾಲಕರ ಅನ್ನವೂ ಅದರೊಡನೆ ನಿಂತಿತು. ಆತನು ಊರಿಗೆ ಮರಳಿ ಹೊಳೆದಂಡೆಯ ಹೊಲವನ್ನು ಉಳತೊಡಗಿದನು. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳವನ್ನು ಹೊಕ್ಕಾಗ ಆ ಹೊಲವೂ ಬೆಳೆಸಹಿತ ನೀರುಪಾಲಾಯಿತು. ಆಗ ಹೆಂಡಿರು ಮಕ್ಕಳೊಡನೆ ಹುಬ್ಬಳ್ಳಿಯನ್ನು ಸೇರಿದನು.

ಮೊದಲನೆಯ ಅಡ್ಡಿಯು ಲೈಸೆನ್ಸಿನದು. ಅದರ ಅವಧಿ ತೀರಿ ಎಷ್ಟೋ ವರ್ಷಗಳಾಗಿದ್ದವು. ಅವಧಿ ಮುಗಿದು ವರ್ಷ ಮೀರಿದವನು ಮರಳಿ ಚಾಲನ ಪರೀಕ್ಷೆಯನ್ನು ಕೊಡಬೇಕೆಂಬ ತಿದ್ದುಪಡಿಯು ಆ ಸೆಪ್ಟೆಂಬರದಲ್ಲಿಯೇ ಜಾರಿಗೆ ಬಂದಿದ್ದಿತು. ನಾಲ್ವತ್ತೈದರ ಗೃಹಸ್ಥನು ಎಳೆಯ ಹುಡುಗರ ಸಾಲಿನಲ್ಲಿ ನಿಂತು ತೇರ್ಗಡೆಯಾದನು. ಆದರೆ ಕಾಗದ ದೊರೆತಷ್ಟು ಸುಲಭವಾಗಿ ನಂಬಿಕೆ ದೊರೆಯಲಿಲ್ಲ. ಮಾಲಕರೆಲ್ಲರೂ ಕೇಳಿದುದು ಒಂದೇ ಮಾತು: ಈ ಊರಲ್ಲಿ ನಿನ್ನನ್ನು ಬಲ್ಲವರು ಯಾರು? ಲಕ್ಷಗಟ್ಟಲೆ ಬೆಲೆಯ ಗಾಡಿಯನ್ನು ಅಪರಿಚಿತನ ಕೈಗೆ ಕೊಡಲು ಅಂಜುವುದು ತಪ್ಪೆನ್ನಲಾಗದು. ಕಡೆಗೆ ಒಬ್ಬನು, ಆತನ ಅರ್ಧ ವಯಸ್ಸಿನ ಹುಡುಗನ ಕೈಕೆಳಗೆ ಎರಡನೆಯ ಚಾಲಕನೆಂದು ಇರಿಸಿಕೊಂಡನು. ಹಗ್ಗ ಬಿಗಿಯುವುದು, ತಾಡಪತ್ರಿ ಹೊದಿಸುವುದು, ಗಾಲಿಯ ಗಾಳಿ ನೋಡುವುದು, ಹೀಗೆ ಕ್ಲೀನರನಾಗಿದ್ದಾಗಿನ ಕೆಲಸಗಳೆಲ್ಲವೂ ಮರಳಿ ಬಂದವು. 2018ರಲ್ಲಿ ಬಂದ ಇ-ವೇ ಬಿಲ್ಲಿನ ವಿಷಯವನ್ನು ಆತನು ಆ ಹುಡುಗನಿಂದಲೇ ಕಲಿತನು, ಕಲಿಯಲು ನಾಚಲಿಲ್ಲ.

2020ರ ಬನದ ಹುಣ್ಣಿವೆ. ಊರಲ್ಲಿ ತಾಯಿಯ ತೇರನ್ನು ಎಳೆಯುವ ಸಂಜೆಗೆ, ಉಳ್ಳಾಗಡ್ಡಿ ಹೇರಿದ ಗಾಡಿಯು ಯಲ್ಲಾಪುರವನ್ನು ದಾಟಿ ಅರಬೈಲು ಘಟ್ಟವನ್ನು ಇಳಿಯುತ್ತಿದ್ದಿತು. ಹುಡುಗನು ಹೆಜ್ಜೆಹೆಜ್ಜೆಗೂ ಬ್ರೇಕನ್ನು ತುಳಿಯುತ್ತಿದ್ದನು. ಸುಟ್ಟ ವಾಸನೆಯು ಹಿರಿಯನ ಮೂಗಿಗೆ ಬಡಿಯಿತು.

"ತಮ್ಮಾ, ಬ್ರೇಕು ಕಾದಾವ. ಬದಿಗೆ ನಿಲ್ಲಸು, ಆರಲಿ."

ಒಂದೇ ಸಮನೆ ತಿಕ್ಕಿದ ಬ್ರೇಕು ಕಾಯ್ದು ಹಿಡಿತವನ್ನು ಕಳೆದುಕೊಳ್ಳುವುದು. ಏರುವ ಗೇರಿನಲ್ಲಿಯೇ ಇಳಿಯಬೇಕು, ಭಾರವನ್ನು ಇಂಜಿನ್ನೇ ತಡೆದು ಹಿಡಿಯಬೇಕು ಎಂಬುದು ಘಟ್ಟವನ್ನು ಬಲ್ಲವರ ಸೂತ್ರ. ಗಾಲಿಗಳು ಆರಿದ ಬಳಿಕ ಹುಡುಗನು ತಾನಾಗಿಯೇ ಆಸನವನ್ನು ಬಿಟ್ಟು, "ಕಾಕಾ, ನೀವು ಕುಂದರ್ರಿ" ಎಂದನು. ಅದಿರು ಹೊತ್ತು ಎಷ್ಟೋ ಸಲ ಇಳಿದ ದಾರಿ; ಎಂಟು ವರ್ಷಗಳಲ್ಲಿ ಕೈ ಅದನ್ನು ಮರೆತಿರಲಿಲ್ಲ. ಗಾಡಿಯು ಎತ್ತಿನ ಬಂಡಿಯಂತೆ ನಿಧಾನವಾಗಿ ಇಳಿದು ಬಯಲನ್ನು ಸೇರಿತು.

"ಇಷ್ಟು ಬಲ್ಲವರು ಮೊದಲೇ ಯಾಕ ಹೇಳಲಿಲ್ಲರಿ?"

"ಹೇಳಿದ್ದೆ, ತಮ್ಮಾ. ಹೇಳಿದ್ದು ಯಾರ ಕಿವಿಗೆ ಬೀಳತೈತಿ?"

ಬಾಹುಕನು ಆರಿಸಿದ ಬಡಕಲು ಕುದುರೆಗಳನ್ನು ಕಂಡು ಋತುಪರ್ಣನೂ ಸಂಶಯಪಟ್ಟನಷ್ಟೆ. ಆ ಸಂಶಯವು ತೀರಿದುದು ಮಾತಿನಿಂದಲ್ಲ, ರಥದ ಓಟದಿಂದ. ವಿದ್ಯೆಯು ಮನುಷ್ಯನೊಡನೆ ಊರಿಂದೂರಿಗೆ ಬರುವುದು. ಹೆಸರು ಮಾತ್ರ ಹಿಂದೆಯೇ ಉಳಿಯುವುದು. ಅದನ್ನು ಹೊಸ ಊರಿನಲ್ಲಿ ಹೊಸದಾಗಿ ಗಳಿಸಬೇಕು. ಆ ಕಾಲದ ತಾಳ್ಮೆಯೂ ವಿದ್ಯೆಯ ಒಂದು ಭಾಗವೇ.

ಹುಡುಗನೇ ಮಾಲಕನಿಗೆ ಎಲ್ಲವನ್ನೂ ತಿಳಿಸಿದನು. ಕೆಲದಿನಗಳಲ್ಲಿ ಬೇರೊಂದು ಗಾಡಿಯು ಆತನ ಪಾಲಿಗೆ ಬಂದಿತು. ನಳನಿಗೆ ಕಡೆಯಲ್ಲಿ ನಿಷಧವು ಮರಳಿ ದೊರೆಯಿತು. ಈತನಿಗೆ ದೊರೆತುದು ಪರರ ಗಾಡಿಯ ಚಕ್ರವಷ್ಟೆ. ಅದರ ಹಣೆಯ ಮೇಲೆ ಬನಶಂಕರಿಯ ಹೆಸರನ್ನು ಬರೆಯಿಸಲು ಆತನು ಮಾಲಕನ ಅಪ್ಪಣೆಯನ್ನು ಬೇಡಿದನು. ಅಪ್ಪಣೆಯಾಯಿತು.