ಅವ್ವನ ಲೆಕ್ಕ

ಎಂ.ಎಸ್ಸಿ. ಫಿಜಿಕ್ಸ್ ಓದೋನಿಗೆ ಕನ್ನಡದಲ್ಲಿ ಬರೆಯೋದಕ್ಕೆ ಏನಿರುತ್ತದೆ ಎಂದು ಗೆಳೆಯರು ನಗುತ್ತಾರೆ. ಇದೆ, ಕೇಳಿ.

ಗದಗಿನ ಕಡೆಯಿಂದ ಬಂದ ನಮ್ಮವ್ವ ಮಾಟುಂಗದಲ್ಲಿ ಹೂ ಕಟ್ಟಿ ಮಾರುತ್ತಾಳೆ. ಎರಡು ವರ್ಷದ ಹಿಂದೆ ಅವಳಿಗೆ ಎದೆಯ ಗಂಟಿನ ಆಪರೇಷನ್ ಆಯಿತು. ಈ ಸಲ ದೀಪಾವಳಿ ಆದಮೇಲೆ ಬೆನ್ನುನೋವು ಶುರುವಾಯಿತು. ಡಾಕ್ಟರು ಬೋನ್ ಸ್ಕ್ಯಾನ್ ಬರೆದರು. ಒಂಬತ್ತಕ್ಕೆ ಸರಿಯಾಗಿ ಬರಬೇಕು, ಇಂಜೆಕ್ಷನ್ ಕಾಯೋದಿಲ್ಲ ಎಂದು ಹೇಳಿ ಚೀಟಿ ಕೊಟ್ಟರು.

"ಔಷಧ ಎಲ್ಲಿ ಓಡಿ ಹೊಕ್ಕೈತೋ?" ಅಂದಳು ಅವ್ವ.

ಅದು ಟೆಕ್ನೀಷಿಯಂ-99ಎಂ, ಆರು ಗಂಟೆಗೆ ಅರ್ಧವಾಗುತ್ತದೆ, ಇನ್ನಾರು ಗಂಟೆಗೆ ಆ ಅರ್ಧದಲ್ಲೂ ಅರ್ಧ ಎಂದೆ.

"ಮಲ್ಲಿಗಿ ಇದ್ದಂಗ ಅನ್ನು. ಮುಂಜಾನಿ ಒಂದು ರೇಟು, ಸಂಜಿಗೆ ಅರ್ಧಾ. ಕೂಡಿಡಾಕ ಬರಂಗಿಲ್ಲ. ಹಂಗಾರ ದಿನಾ ಹೊಸಾದು ತರೋರು ಯಾರು?"

ಇದು 2009ರಲ್ಲಿ ಎಷ್ಟೋ ದೇಶದ ಡಾಕ್ಟರುಗಳು ಕೇಳಿದ ಪ್ರಶ್ನೆ. ಟೆಕ್ನೀಷಿಯಂನ ತಾಯಿ ಮಾಲಿಬ್ಡಿನಂ-99 ಕೆಲವೇ ರಿಯಾಕ್ಟರುಗಳಲ್ಲಿ ತಯಾರಾಗುತ್ತದೆ. ಆ ಮೇ ತಿಂಗಳಲ್ಲಿ ಕೆನಡಾದ ಚಾಕ್ ರಿವರಿನ ಹಳೇ ರಿಯಾಕ್ಟರು ಭಾರಜಲ ಸೋರಿ ನಿಂತಿತು. ಮತ್ತೆ ಶುರುವಾದದ್ದು 2010ರ ಆಗಸ್ಟಿಗೆ. ಸ್ಕ್ಯಾನುಗಳು ಮುಂದಕ್ಕೆ ಹೋದವು.

ಆಗ ಕೆನಡಾದವರೇ ಇನ್ನೊಂದು ದಾರಿ ಹಿಡಿದರು. ಸೈಕ್ಲೋಟ್ರಾನಿನಲ್ಲಿ ಪ್ರೋಟಾನುಗಳಿಗೆ ವೇಗ ಕೊಟ್ಟು ಮಾಲಿಬ್ಡಿನಂ-100ರ ತೆಳು ಹಾಳೆಗೆ ಹೊಡೆಯುವುದು. ಪ್ರೋಟಾನು ಪರಮಾಣುಬೀಜದೊಳಗೆ ನುಗ್ಗಿ ಎರಡು ನ್ಯೂಟ್ರಾನುಗಳನ್ನು ಹೊರದಬ್ಬುತ್ತದೆ. 42ನೆಯ ಧಾತು 43ನೆಯದಾಗುತ್ತದೆ. ಶಕ್ತಿ ಕಡಿಮೆಯಾದರೆ ಕೆಲಸವಾಗದು, ಹೆಚ್ಚಾದರೆ ಬೇಡದ ಐಸೋಟೋಪುಗಳು ಸೇರಿಕೊಳ್ಳುತ್ತವೆ. ಹಾಳೆ ಕಾದು ಕೆಡದಂತೆ ಹಿಂದೆ ನೀರು ಹರಿಯುತ್ತಿರಬೇಕು. ಆಮೇಲೆ ಅದನ್ನು ಕರಗಿಸಿ ಟೆಕ್ನೀಷಿಯಂ ಬೇರ್ಪಡಿಸುತ್ತಾರೆ. ಆಸ್ಪತ್ರೆಗಳಲ್ಲಿರುವಂಥ ಸೈಕ್ಲೋಟ್ರಾನಿನಲ್ಲೇ ಇದು ಸಾಧ್ಯವೆಂದು 2012ರಲ್ಲಿ ವ್ಯಾಂಕೂವರಿನ ಟ್ರಯಂಫ್ ಸಂಸ್ಥೆಯವರೂ ಜೊತೆಗಾರರೂ ತೋರಿಸಿದರು. ಹಿತ್ತಲಲ್ಲೇ ಮಲ್ಲಿಗೆ ಬೆಳೆದ ಹಾಗೆ!

ಇದನ್ನೆಲ್ಲ ನಾನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಹಾಳೆಯ ಈಚೆಗೆ ಚೀಟಿ ಹಿಡಿದು ಒಬ್ಬಳು ಕೂತಿರುತ್ತಾಳೆ ಅನ್ನೋದು ಮಾತ್ರ ಹೊಳೆದಿರಲಿಲ್ಲ.

ಇಂಜೆಕ್ಷನ್ ಆಗಿ ಮೂರು ಗಂಟೆ ಕಾದೆವು. ಅವ್ವ ಮೆಲ್ಲಗೆ ಕೇಳಿದಳು: "ಮುಂಜಾನಿ ತಂದಿದ್ರಾಗ ಈಗ ಎಷ್ಟ ಉಳದಿರ್ತೈತೋ?"

"ಮುಕ್ಕಾಲಿಗೆ ಸ್ವಲ್ಪ ಕಡಿಮಿ, ಅವ್ವಾ."

"ಹಂಗಾರ ಇನ್ನೂ ಲುಕ್ಸಾನ ಆಗಿಲ್ಲ ಬಿಡು" ಅಂದಳು. ಅವಳ ಕೈ ಮಾತ್ರ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿತ್ತು.

ಮರುದಿನ ವರದಿ ಬಂತು. ಮೂಳೆಗೆ ಹರಡಿಲ್ಲ. ಆ ಸಂಜೆ ಅವ್ವ ಉಳಿದ ಮಲ್ಲಿಗೆಯನ್ನು ಅರ್ಧ ಬೆಲೆಗೆ ಮಾರಲಿಲ್ಲ. ಎಲ್ಲವನ್ನೂ ಗುಡಿಗೆ ಕೊಟ್ಟು ಬಂದಳು.