ಹುಲಿಕುಂಟೆಯ ದಾರಿಯಲ್ಲಿ

ಬೈಸಿಕಲ್ಲನ್ನೇರಿ ಊರು ನೋಡಲು ಹೊರಟವರಿಗೆ ಊರಿಗಿಂತ ಮೊದಲು ತಮ್ಮ ಸೀಟಿನ ಪರಿಚಯವಾಗುವುದು. ಈ ಸತ್ಯವನ್ನು ನಾವು ಕಲಿತದ್ದು ತುಮಕೂರು ಜಿಲ್ಲೆಯ ಹುಲಿಕುಂಟೆಯ ದಾರಿಯಲ್ಲಿ.

ಕಾರ್ತಿಕಮಾಸದ ಒಂದು ಮುಂಜಾನೆ ನಾವೂ ಮಿತ್ರರೊಬ್ಬರೂ ಶಿರಾ ಪಟ್ಟಣದಲ್ಲಿ 1651ರ ಮಲಿಕ್ ರಿಹಾನನ ಗೋರಿಯನ್ನು ಕಂಡು, 1687ರಲ್ಲಿ ಮೊಗಲರ ಸುಬೆಯ ಮುಖ್ಯಸ್ಥಳವಾದ ಆ ಊರಿನ ಕೋಟೆಯನ್ನೂ ನೋಡಿಕೊಂಡು, ಅದೇ ತಾಲ್ಲೂಕಿನ ಹೋಬಳಿಯಾದ ಹುಲಿಕುಂಟೆಯ ಕಡೆಗೆ ಹೊರಟೆವು. ಹುಲಿಯು ಈಗ ಹೆಸರಿನಲ್ಲಿ ಮಾತ್ರ ಉಳಿದಿದೆ. ಕುಂಟೆಯೆಂದರೆ ಮಳೆಯ ನೀರು ನಿಲ್ಲುವ ಸಣ್ಣ ಕೊಳ. ಮಳೆ ಕಡಿಮೆಯಾದ ಈ ಸೀಮೆಯಲ್ಲಿ ಊರುಗಳು ಹೆಸರಿನಲ್ಲಿಯೂ ನೀರನ್ನು ಇಟ್ಟುಕೊಂಡಿರುವುದು ಸಹಜವೇ ಸರಿ.

ಕೆಂಪು ನೆಲ, ಹುಣಿಸೆಯ ಮರಗಳು, ಕಡಲೆಕಾಯಿ ಕಿತ್ತ ಹೊಲಗಳು—ನೋಡತಕ್ಕದ್ದು ಬಹಳವಿದ್ದಿತು. ಆದರೆ ನಮಗೆ ಅದೊಂದೂ ಕಾಣಲಿಲ್ಲ. ಸೀಟಿನ ಮೂತಿಯು ಮೊದಲು ಕೆಳಗೆ ಬಾಗಿದ್ದು, ನಾವು ಮುಂದಕ್ಕೆ ಜಾರುತ್ತಿದ್ದೆವು. ಜಾರದಂತೆ ಹ್ಯಾಂಡಲನ್ನು ಒತ್ತಿ ಹಿಡಿದು ಮಣಿಕಟ್ಟುಗಳು ನೋಯುತ್ತಿದ್ದವು. ಅದಕ್ಕೆ ಮದ್ದೆಂದು ಹಿಂದಿನ ರಾತ್ರಿ ನಾವೇ ಮೂತಿಯನ್ನು ಮೇಲಕ್ಕೆತ್ತಿ ಬಿಗಿದಿದ್ದೆವು. ರೋಗಕ್ಕಿಂತ ಮದ್ದೇ ಕೆಟ್ಟದಾಯಿತು. ಒಂದು ಗಂಟೆಯೊಳಗೆ ಕುಳಿತ ಭಾಗವು ಜೋಮು ಹಿಡಿದು, ಇಳಿದು ನಡೆಯಬೇಕಾಯಿತು. ಸಕ್ಕರೆ ಕಾಯಿಲೆಗೆ ದಿನವೂ ಸೈಕಲ್ಲು ತುಳಿಯಿರೆಂದು ವೈದ್ಯರು ಹೇಳಿದ್ದರಿಂದ ಕೊಂಡ ಗಾಡಿ ಅದು. “ನಮಗಿನ್ನು ವಯಸ್ಸಾಯಿತು, ಇದನ್ನು ಮಾರಿಬಿಡಿ” ಎಂದರು ಮಿತ್ರರು. ನಾವೂ ಹಾಗೆಯೇ ನಿಶ್ಚಯಿಸಿದೆವು.

ದಾರಿಯ ಬದಿಯಲ್ಲಿ ಹುಣಿಸೆಯ ಮರದ ಕೆಳಗೆ ಪಂಕ್ಚರು ಹಾಕುವ ಮುದುಕನೊಬ್ಬನು ನಮ್ಮನ್ನು ನೋಡಿ ನಕ್ಕನು.

“ಸ್ವಾಮಿ, ಮೂತಿ ಆಕಾಶ ನೋಡ್ತಾ ಐತಲ್ಲ! ನೇಗಿಲೂ ಅಂಗೇಯ. ಬಾಗು ಜಾಸ್ತಿ ಆದ್ರೆ ಕುಳ ನೆಲಕ್ಕೆ ಇಳೀತದೆ, ಎತ್ತು ಸೋಲ್ತದೆ. ಕಮ್ಮಿ ಆದ್ರೆ ಮೇಲೇಳ್ತದೆ, ಸಾಲು ಬೀಳಲ್ಲ. ಬೆಣೆ ಬಡಿದು ಸರಿ ಮಾಡ್ತೀವೇ ಹೊರ್ತು ಎತ್ತು ಮಾರ್ತೀವಾ?”

ಅವನು ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಸೀಟಿನ ಮೇಲೆ ಹಿಂದಿನಿಂದ ಮುಂದಕ್ಕೆ ಒಂದು ಹಲಗೆಯನ್ನಿಟ್ಟು, ಅದರ ಮೇಲೆ ಅರ್ಧ ನೀರು ತುಂಬಿದ ಸೀಸೆಯನ್ನು ಮಲಗಿಸಿದನು. ಓರೆ ಎಷ್ಟೆಂಬುದನ್ನು ನೀರೇ ಹೇಳಿತು. ಬಳಿಕ ಸೀಟಿನ ಕೆಳಗಿನ ಎರಡು ಕಡೆಯ ನಟ್ಟುಗಳನ್ನೂ ಸಡಿಲಿಸಿ, ಹಲ್ಲುಳ್ಳ ಬಿಲ್ಲೆಯು ಒಂದೊಂದೇ ಹಲ್ಲು ಸರಿಯುವಂತೆ ಮೂತಿಯನ್ನು ತಗ್ಗಿಸಿ, ನೀರು ಸಮನಾದಾಗ ಎರಡು ನಟ್ಟುಗಳನ್ನೂ ಒಂದೇ ಸಮನಾಗಿ ಬಿಗಿದನು. ಎತ್ತರವನ್ನೂ ಪರೀಕ್ಷಿಸಿದನು: ಪೆಡಲು ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗಬೇಕು.

ಇದರ ಕಾರಣವು ಸರಳವಾದುದು. ಕುಳಿತವರ ಭಾರವನ್ನು ಹೊರತಕ್ಕವು ಕೆಳಗಿನ ಎರಡು ಮೂಳೆಗಳು. ಮೂತಿ ಮೇಲೆದ್ದರೆ ಅವುಗಳ ನಡುವಣ ನರಗಳೂ ರಕ್ತನಾಳಗಳೂ ಒತ್ತಲ್ಪಡುವುವು. ತಗ್ಗಿದರೆ ಭಾರವೆಲ್ಲ ಕೈಗಳ ಮೇಲೆ ಬೀಳುವುದು. ಆದುದರಿಂದ ಸಮತಲದಿಂದಲೇ ಆರಂಭಿಸಿ, ಅನಂತರ ಅವರವರ ಮೈಗೆ ತಕ್ಕಂತೆ ಒಂದೊಂದು ಹಲ್ಲು ಮಾತ್ರ ಬದಲಿಸಿ ನೋಡಬೇಕು. ಹೆಂಗಸರಲ್ಲಿ ಆ ಮೂಳೆಗಳ ಅಂತರವು ಸಾಮಾನ್ಯವಾಗಿ ಹೆಚ್ಚಾದುದರಿಂದ ಅವರ ಸೀಟಿನ ಹಿಂಭಾಗವು ಅಗಲವಾಗಿರುವುದು ಒಳ್ಳೆಯದು. ಇಷ್ಟಾದರೂ ಜೋಮು ನಿಲ್ಲದಿದ್ದರೆ ವೈದ್ಯರನ್ನು ಕಾಣತಕ್ಕದ್ದು.

ಮುಂದೆ ಹುಲಿಕುಂಟೆಯವರೆಗೂ ನಾವು ಇಳಿಯಲಿಲ್ಲ. ಅಲ್ಲಿ ನೀರು ಕುಡಿದು, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವಾಗ ಹುಣಿಸೆಯ ಮರಗಳೂ ಕೆಂಪು ಹೊಲಗಳೂ ಮೊದಲ ಬಾರಿಗೆ ಕಣ್ಣಿಗೆ ಬಿದ್ದವು. ಗಾಡಿ ಮಾರುವ ಮಾತನ್ನು ಮಿತ್ರರು ಮತ್ತೆ ಎತ್ತಲಿಲ್ಲ.

ನಮ್ಮ ಓದುಗರ ಮನೆಗಳಲ್ಲಿ ಸೈಕಲ್ಲಿನಲ್ಲಿ ಶಾಲೆಗೆ ಹೋಗುವ ಮಕ್ಕಳಿರಬಹುದು. ಅವರು ನೋವೆಂದಾಗ ಸೋಮಾರಿತನವೆಂದು ಗದರಿಸುವ ಮೊದಲು, ಅರ್ಧ ನೀರು ತುಂಬಿದ ಒಂದು ಸೀಸೆಯನ್ನು ಹುಡುಕಿರಿ.