ಬೂತಾಯಿಯ ಹುರುಪೆ

ಮನೆಯಲ್ಲಿ ಬೂತಾಯಿ ಪುಳಿಮುಂಚಿ ಕುದಿಯುತ್ತಿದ್ದರೆ ಅದನ್ನು ನೆರೆಹೊರೆಯವರಿಂದ ಬಚ್ಚಿಡುವುದು ಯಾರಿಂದಲೂ ಆಗದು. ಮೈಯೆಲ್ಲ ಎಣ್ಣೆಯಾದ ಮೀನದು. ಅದರ ವಾಸನೆಗೆ ಗೋಡೆಯೂ ಇಲ್ಲ, ಬಾಗಿಲೂ ಇಲ್ಲ. 1960ರ ದಶಕದ ಮೊದಲಲ್ಲಿ, ನಾನಿನ್ನೂ ಹುಡುಗ, ಮಂಗಳೂರಿನ ಕಡೆಯಿಂದ ಬಂದ ನಾವು ಮುಂಬಯಿಯ ಒಂದು ಚಾಳಿನಲ್ಲಿದ್ದೆವು. ಬಚ್ಚಿಡಲಾಗದ್ದನ್ನು ಹಂಚಿಕೊಳ್ಳುವುದೇ ಲೇಸೆಂದು ಅಮ್ಮ ಒಂದು ದಿನ ಆರು ಹಸಿ ಬೂತಾಯಿಗಳನ್ನು ತಟ್ಟೆಯಲ್ಲಿಟ್ಟು ಪಕ್ಕದ ಆಜಿಗೆ ಕೊಟ್ಟು ಬಾ ಎಂದು ಕಳಿಸಿದಳು.

ಆಜಿ ಬೆನೆ ಇಸ್ರೇಲಿ ಯೆಹೂದಿ. ಉಡುವುದು ಸೀರೆ, ಆಡುವುದು ಮರಾಠಿ. ಅವರು ತಟ್ಟೆಯನ್ನು ಬೆಳಕಿಗೆ ಹಿಡಿದು, ಒಂದು ಮೀನಿನ ಮೈಮೇಲೆ ಬಾಲದಿಂದ ತಲೆಯ ಕಡೆಗೆ ಉಗುರೆಳೆದರು. ಬೆಳ್ಳಿಯ ಚೂರಿನಂಥ ಒಂದು ಹುರುಪೆ ಉಗುರಿಗೆ ಅಂಟಿತು.

"ಆಯಿತು, ಇದು ನಮಗೆ ಸಲ್ಲುತ್ತದೆ" ಎಂದರು.

"ಉಳಿದದ್ದೆಲ್ಲ ಉದುರಿಹೋಗಿದೆಯಲ್ಲ ಆಜಿ?"

"ನೀರಿನಲ್ಲಿದ್ದಾಗ ಇತ್ತಲ್ಲ ಮಗು, ಅಷ್ಟು ಸಾಕು."

ಅದು ಬರಿಯ ಮಾತಲ್ಲ, ಶಾಸ್ತ್ರವೆಂದು ಮುಂದೆ ಓದಿ ತಿಳಿದೆ. ಈಜುರೆಕ್ಕೆ, ಹುರುಪೆ ಎರಡೂ ಉಳ್ಳ ಮೀನನ್ನು ಮಾತ್ರ ತಿನ್ನಬೇಕೆಂಬುದು ಯಾಜಕಕಾಂಡದ 11ನೆಯ ಅಧ್ಯಾಯದ ಕಟ್ಟಳೆ. ಸಿಗಡಿ, ಏಡಿ ವರ್ಜ್ಯ. ಹುರುಪೆಯಾದರೂ ಚರ್ಮ ಹರಿಯದಂತೆ ಕಳಚಬೇಕು. ಹಿಂಡು ಹಿಂಡಾಗಿ ಬಲೆಗೆ ಬೀಳುವ ಬೂತಾಯಿ ಒಂದಕ್ಕೊಂದು ಉಜ್ಜಿಯೇ ಹುರುಪೆ ಕಳೆದುಕೊಳ್ಳುತ್ತದೆ. ಆದರೆ ನೀರಿನಿಂದ ಮೇಲೆ ಬರುವಾಗ ಹುರುಪೆ ಉದುರಿಸಿಕೊಂಡ ಮೀನೂ ಸಲ್ಲುತ್ತದೆಂದು ತಾಲ್ಮೂದ್ ಹೇಳಿದೆ.

ಬೆನೆ ಇಸ್ರೇಲಿಗಳ ಕಥೆಯೂ ಹೀಗೆಯೇ. ಹಡಗೊಡೆದು ಕೊಂಕಣದ ದಡ ಸೇರಿದವರು ತಾವೆಂದು ಅವರ ಐತಿಹ್ಯ. ಕಾಲಾಂತರದಲ್ಲಿ ಹೀಬ್ರೂ ಮರೆತುಹೋಯಿತು. ಗಾಣದ ಕಸುಬು ಹಿಡಿದರು. ಶನಿವಾರ ಗಾಣ ತಿರುಗಿಸದ ಕಾರಣ 'ಶನಿವಾರ ತೇಲಿ'ಗಳೆನಿಸಿಕೊಂಡರು. ದಾವಿದ್ ರಹಾಬಿ ಎಂಬವನು ಪರೀಕ್ಷೆಗೆಂದು ಬಗೆಬಗೆಯ ಮೀನು ಕೊಟ್ಟಾಗ, ಹೆಂಗಸರು ಹುರುಪೆಯಿಲ್ಲದವನ್ನು ಬೇರೆಯಾಗಿ ತೆಗೆದಿಟ್ಟರಂತೆ. ಇವರು ತನ್ನವರೆಂದು ಅವನು ಗುರುತಿಸಿದ್ದು ಅದರಿಂದ.

ಆಜಿಯ ಮಗ ಆಗ ಇಸ್ರೇಲಿನಲ್ಲಿದ್ದ. 1962ರಲ್ಲಿ ಅಲ್ಲಿನ ಪ್ರಧಾನ ರಬ್ಬಿಗಳ ಪೀಠ, ಬೆನೆ ಇಸ್ರೇಲಿಗಳು ಇತರ ಯೆಹೂದಿಗಳನ್ನು ಮದುವೆಯಾಗುವ ಮೊದಲು ಅವರ ವಂಶವನ್ನು ವಿಚಾರಿಸಬೇಕೆಂದಿತು. ಪ್ರತಿಭಟನೆ ನಡೆಯಿತು. 1964ರಲ್ಲಿ ಸರಕಾರ ಅವರು ಎಲ್ಲ ವಿಧದಲ್ಲಿಯೂ ಯೆಹೂದಿಗಳೇ ಎಂದು ಸಾರಿತು. ಆ ನಡುವಿನ ಎರಡು ವರ್ಷ, ಮಗನ ಕಾಗದ ಬಂದ ದಿನ ಆಜಿ ಯಾರೊಡನೆಯೂ ಮಾತಾಡುತ್ತಿರಲಿಲ್ಲ.

ಕೊನೆಗೆ ಆಜಿಯೂ ಮಗನಲ್ಲಿಗೆ ಹೊರಟುಹೋದರು. ಈಗಲೂ ಬೂತಾಯಿ ತೊಳೆಯುವಾಗ ಕೈಗೆ ಒಂದು ಹುರುಪೆ ಅಂಟಿಕೊಂಡರೆ, ಅದನ್ನು ಒಡನೆ ಕೊಡಹಿಬಿಡಲು ನನಗೆ ಮನಸ್ಸಾಗುವುದಿಲ್ಲ.